ಗಿರಾಕಿ ಯಾರ ಕೈಯಲ್ಲಿದ್ದಾನೆ?



ವ್ಯಾಪಾರಕ್ಕೆ ಯಾವ ಸಾಮಾಜಿಕ ಜಾಲತಾಣ ಒಳ್ಳೆಯದು ಎಂಬುದು ಹಳ್ಳಿಮೈಸೂರಿನ ಇಂದಿನ ವಿಚಾರ ಸಂಕಿರಣದ ವಿಷಯ. ಫೇಸ್‌ಬುಕ್‌ನಲ್ಲಿ ಇಷ್ಟು ಜನ, ಇನ್‌ಸ್ಟಾಗ್ರಾಂನಲ್ಲಿ ಇಷ್ಟು ಜನ ಎಂದು ಪಟ್ಟಿ ಹಾಕಿ ಹೋಲಿಸುವುದು ಸುಲಭ. ಆ ಪಟ್ಟಿ ಹಿಡಿದುಕೊಂಡು ಹೊಳೆನರಸೀಪುರದ ವರ್ತಕರು ಮಾಡುವುದೇನು? ಹೋಲಿಕೆ ಮಾಲಿನಿಂದ ಶುರುವಾಗಬೇಕು ಎಂಬುದು ನನ್ನ ಆಗ್ರಹ. ಏನು ಮಾರುತ್ತೇವೆ, ಅದು ಎಷ್ಟು ದಿನ ಕೆಡದೆ ಇರುತ್ತದೆ, ಕೊಳ್ಳುವವರು ಹುಡುಕಿಕೊಂಡು ಬರುತ್ತಾರೋ ಕಂಡಾಗ ಆಸೆಪಡುತ್ತಾರೋ, ಇಷ್ಟು ತಿಳಿದ ಮೇಲೆ ತಾಣದ ಮಾತು.

ನಮ್ಮ ಸೀಮೆಯ ಮಾಲನ್ನೇ ನೋಡಿ. ಅರಕಲಗೂಡು ಕಡೆಯ ವರ್ಜೀನಿಯಾ ತಂಬಾಕು ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜಿಗೇ ಹೋಗಬೇಕು. ತಂಬಾಕು ಉತ್ಪನ್ನಗಳ ಜಾಹೀರಾತನ್ನಂತೂ 2003ರ ಕಾಯ್ದೆಯೇ ನಿಷೇಧಿಸಿದೆ. ಆ ಬೆಳೆಗಾರರಿಗೆ ಯಾವ ತಾಣವೂ ಗಿರಾಕಿಯನ್ನು ತಂದುಕೊಡದು. ಇವತ್ತು ಯಾವ ದರ್ಜೆಯ ಹೊಗೆಸೊಪ್ಪು ಎಷ್ಟಕ್ಕೆ ಹೋಯಿತು ಎಂಬ ಸುದ್ದಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಸಾಕು, ಅವರಿಗೆ ಬೇಕಾದದ್ದು ಅಷ್ಟೇ.

ಚನ್ನರಾಯಪಟ್ಟಣದ ಕೊಬ್ಬರಿಯ ಕಥೆ ಬೇರೆ. ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ವರ್ಷವಿಡೀ ಬಿಡುತ್ತಾರೆ. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಕಾಯಿ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆಮೇಲೆ ಸುಲಿದು, ಗಿಟುಕಿಗೆ ಪೆಟ್ಟಾಗದ ಹಾಗೆ ಚಿಪ್ಪನ್ನು ಮಾತ್ರ ಒಡೆಯಬೇಕು. ಅದಕ್ಕೆ ಪಳಗಿದ ಕೈಯೇ ಬೇಕು. ಬೆಂಗಳೂರಿನಲ್ಲಿ ಅಂಗಡಿಯಿಂದ ಅರ್ಧ ಕಿಲೋ ತರುವ ಮನೆಯವರಿಗೆ ಆ ಸದ್ದೂ ಗೊತ್ತಿಲ್ಲ, ಆ ಕೈಯೂ ಗೊತ್ತಿಲ್ಲ. ಅರ್ಧ ನಿಮಿಷದ ವಿಡಿಯೊದಲ್ಲಿ ಎರಡನ್ನೂ ತೋರಿಸಬಹುದು. ಮಾಲು ಬೇಗ ಕೆಡುವುದಿಲ್ಲ, ಪಾರ್ಸೆಲ್‌ನಲ್ಲಿ ಹೋಗುತ್ತದೆ.

ಹಾಗಾದರೆ ಇನ್‌ಸ್ಟಾಗ್ರಾಂ ರೀಲ್ಸೋ, ಯೂಟ್ಯೂಬೋ? ರೀಲ್ಸ್ ಹುಡುಕದವರ ಕಣ್ಣಿಗೂ ಬೀಳುತ್ತದೆ, ಆದರೆ ಬಹುಪಾಲು ಕೆಲವೇ ದಿನಗಳಲ್ಲಿ ಹಿಂದೆ ಸರಿಯುತ್ತದೆ. ಉಂಡೆ ಕೊಬ್ಬರಿ ಹೇಗೆ ಮಾಡುತ್ತಾರೆಂದು ಎರಡು ವರ್ಷ ಬಿಟ್ಟು ಹುಡುಕುವವರಿಗೆ ಸಿಗುವುದು ಯೂಟ್ಯೂಬ್ ವಿಡಿಯೊ. ಹೊಸಬರಿಗೆ ಪರಿಚಯವಾಗಲು ಮೊದಲನೆಯದು, ನಂಬಿಕೆ ಬೆಳೆಯಲು ಎರಡನೆಯದು. ಒಂದನ್ನೇ ಆರಿಸಿ ಎಂದರೆ ನಾನು ಯೂಟ್ಯೂಬ್ ಎನ್ನುತ್ತೇನೆ. ದರ, ತೂಕ, ವಿಳಾಸದ ಮಾತು ಕೊನೆಗೆ ಬಂದು ನಿಲ್ಲುವುದು ವಾಟ್ಸ್‌ಆ್ಯಪ್‌ಗೇ.

ಹಳ್ಳಿಕಾರ್ ಎತ್ತುಗಳ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಜೋಡಿಯ ವಿಡಿಯೊ ಮಾಡಿ ಹಾಕುವವರು ಬಹಳ ಜನ. ಆದರೆ ಮೆಟಾ ಕಂಪನಿಯ ವಾಣಿಜ್ಯ ನಿಯಮಗಳು ಜೀವಂತ ಪ್ರಾಣಿಗಳ ಮಾರಾಟಕ್ಕೆ ಒಪ್ಪುವುದಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲಿ ಎತ್ತಿನ ಬೆಲೆ ಹಾಕಿದವರ ಖಾತೆಗೇ ಕುತ್ತು ಬರಬಹುದು. ನಮಗೆ ಸಹಜವಾದ ವ್ಯಾಪಾರ ಅವರ ಪುಸ್ತಕದಲ್ಲಿ ನಿಷಿದ್ಧ.

ನನ್ನನ್ನು ಹೆಚ್ಚು ಕಾಡುವ ಸಂಗತಿಯೂ ಇದೇ: ತಾಣ ನಮ್ಮದಲ್ಲ, ಅದರ ಯಜಮಾನರದು. ಫೇಸ್‌ಬುಕ್ (ಈಗಿನ ಮೆಟಾ) ಕಂಪನಿ 2012ರಲ್ಲಿ ಇನ್‌ಸ್ಟಾಗ್ರಾಂ, 2014ರಲ್ಲಿ ವಾಟ್ಸ್‌ಆ್ಯಪ್ ಕೊಂಡುಕೊಂಡಿತು. ಮೂರು ಕಡೆ ಖಾತೆ ತೆರೆದು ನಿಶ್ಚಿಂತರಾದವರು ಒಬ್ಬನೇ ಯಜಮಾನನ ಮೂರು ಮಳಿಗೆ ಬಾಡಿಗೆಗೆ ಹಿಡಿದಂತೆ. 2021ರ ಅಕ್ಟೋಬರ್ 4ರಂದು ಮೂರೂ ಒಟ್ಟಿಗೆ ಆರು ತಾಸಿನಷ್ಟು ನಿಂತುಹೋದವು. ಅದಕ್ಕೂ ಮೊದಲು, 2020ರ ಜೂನ್ 29ರಂದು, ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್‌ನಲ್ಲಿ ಲಕ್ಷ ಜನ ಅನುಯಾಯಿಗಳಿದ್ದವರಿಗೂ ಅವರಲ್ಲಿ ಬಹುತೇಕರ ಫೋನ್ ನಂಬರ್ ಗೊತ್ತಿರಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡವನ್ನು ಆದರದಿಂದ ಬರಮಾಡಿಕೊಂಡಿದ್ದ ‘ಕೂ’ ಜಾಲತಾಣ 2024ರ ಜುಲೈನಲ್ಲಿ ಬಾಗಿಲು ಮುಚ್ಚಿತು.

ಆದ್ದರಿಂದ ತಾಣಗಳನ್ನು ಹೋಲಿಸುವಾಗ, ತಾಣ ಮುಚ್ಚಿದ ಮರುದಿನ ಗಿರಾಕಿ ನಮ್ಮ ಕೈಯಲ್ಲಿ ಉಳಿಯುತ್ತಾನೆಯೇ ಎಂದು ಕೇಳಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ 256 ಜನಕ್ಕೆ ಮುಗಿಯುತ್ತದೆ, ಅದೂ ನಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಇದು ಗುಣವಾಗಿಯೇ ಕಾಣುತ್ತದೆ. ಅಂಗಡಿಯ ನಂಬರನ್ನು ಹೆಸರು ಹಾಕಿ ಉಳಿಸಿಕೊಂಡ 200 ಮನೆಗಳು ನೋಡಿ ಮುಂದೆ ಸರಿಯುವ 20,000 ಜನಕ್ಕಿಂತ ಹೆಚ್ಚು ಕೊಳ್ಳುತ್ತವೆ ಎಂದು ನಾನು ನಂಬಿದ್ದೇನೆ, ಮತ್ತು ಈ ನಂಬಿಕೆಯನ್ನು ನೀವು ಪರೀಕ್ಷೆಗೆ ಒಡ್ಡಬೇಕು.

ಪ್ರಬಂಧ ಮಂಡಿಸುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ಹಳ್ಳಿಮೈಸೂರಿನ ಯಾವುದಾದರೂ ಒಂದು ಅಂಗಡಿಯವರನ್ನು ಒಪ್ಪಿಸಿ, ಯುಗಾದಿಯಿಂದ ದೀಪಾವಳಿಯವರೆಗೆ ಅವರ ಜೊತೆ ಕೂತು ಪ್ರತಿ ಆರ್ಡರ್‌ನ ಮುಂದೆ ಬರೆಯಿರಿ: ಗಿರಾಕಿ ಅಂಗಡಿಯ ಹೆಸರನ್ನು ಮೊದಲು ಎಲ್ಲಿ ಕಂಡರು, ಎಲ್ಲಿ ಮಾತಾಡಿದರು, ಎರಡನೇ ಸಲ ಬಂದರೇ? ಗಿರಾಕಿಗಳ ಒಪ್ಪಿಗೆ ಕೇಳಿ ಹೆಸರು, ನಂಬರ್‌ಗಳನ್ನು ಅಂಗಡಿಯ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಮುಂದಿನ ಸಂಕಿರಣದಲ್ಲಿ ಮೊದಲ ಗೋಷ್ಠಿ ಆ ಪುಸ್ತಕದ ಮೇಲೆ ನಡೆಯಲಿ.