ಚಕ್ರ ಕುಣಿಯಲಿ, ಸವಾರ ಕುಣಿಯದಿರಲಿ

ಮಕ್ಕಳೇ, ಮೋಟೋಕ್ರಾಸ್ ಪಂದ್ಯ ನೋಡಿದ್ದೀರಾ? ಅಲ್ಲಿ ಡಾಂಬರು ರಸ್ತೆ ಇರುವುದಿಲ್ಲ. ಎಲ್ಲ ಮಣ್ಣು, ದಿಬ್ಬ, ಗುಂಡಿ. ಬೈಕುಗಳು ದಿಬ್ಬದಿಂದ ಹಾರಿ ದೊಪ್ಪನೆ ಇಳಿದು ಮತ್ತೆ ಓಡುತ್ತವೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದೊಂದು ಓಟವೂ 30 ನಿಮಿಷ, ಅದರ ಮೇಲೆ ಇನ್ನೆರಡು ಸುತ್ತು. ಅಷ್ಟು ಹೊತ್ತು ಸವಾರರು ತಡೆದುಕೊಳ್ಳುವುದಾದರೂ ಹೇಗೆ?

ಬೈಕನ್ನು ಹತ್ತಿರದಿಂದ ನೋಡಿ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎಷ್ಟೊಂದು ಜಾಗ! ಇಂದಿನ ಬೈಕುಗಳಲ್ಲಿ ಎರಡೂ ಚಕ್ರಗಳು ಸುಮಾರು 300 ಮಿಲಿಮೀಟರ್, ಅಂದರೆ ಒಂದು ಅಡಿಯಷ್ಟು ಮೇಲೆ ಕೆಳಗೆ ಆಡಬಲ್ಲವು. ಉಬ್ಬು ಬಂದರೆ ಚಕ್ರ ಮಾತ್ರ ಮೇಲೇಳುತ್ತದೆ. ಸವಾರನ ಮೈ ಅಷ್ಟಾಗಿ ಕುಲುಕುವುದಿಲ್ಲ.

ಆದರೆ ಬರೀ ಸ್ಪ್ರಿಂಗ್ ಇದ್ದರೆ ಸಾಲದು. ಒತ್ತಿದ ಸ್ಪ್ರಿಂಗ್ ಅಷ್ಟೇ ಜೋರಾಗಿ ಚಿಮ್ಮಿ ಸವಾರನನ್ನು ಮೇಲಕ್ಕೆಸೆದೀತು. ಅದಕ್ಕಾಗಿ ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆ ಇರುತ್ತದೆ. ಪಿಸ್ಟನ್ ಆ ಎಣ್ಣೆಯನ್ನು ಸಣ್ಣ ಸಣ್ಣ ಕಿಂಡಿಗಳ ಮೂಲಕ ನುಗ್ಗಿಸುತ್ತದೆ. ನುಗ್ಗುವಾಗ ಎಣ್ಣೆ ಬಿಸಿಯಾಗುತ್ತದೆ. ಏಟಿನ ಶಕ್ತಿ ಹೀಗೆ ಶಾಖವಾಗಿ ಗಾಳಿಗೆ ಸೇರಿಹೋಗುತ್ತದೆ.

1970ರ ಸುಮಾರಿಗೆ ಹಿಂಚಕ್ರದ ಆಟ ಬರೀ 100 ಮಿಲಿಮೀಟರ್ ಆಸುಪಾಸಿನಲ್ಲಿತ್ತು. ಚಕ್ರದ ಎರಡು ಬದಿಗೂ ಒಂದೊಂದು ಶಾಕ್ ಅಬ್ಸಾರ್ಬರ್ ಕೂರಿಸುತ್ತಿದ್ದರು. ಚಕ್ರ ಎಷ್ಟು ಆಡಿದರೆ ಅವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗಬೇಕಿತ್ತು. ಬೆಲ್ಜಿಯಂನ ಎಂಜಿನಿಯರ್ ಲೂಸಿಯನ್ ಟಿಲ್ಕೆನ್ಸ್ ಎರಡರ ಬದಲು ಒಂದನ್ನೇ ಬೈಕಿನ ನಡುವಿನಲ್ಲಿ, ಸೀಟು-ಟ್ಯಾಂಕಿನ ಕೆಳಗೆ ಇಟ್ಟರು. ಬಾಗಿಲು ತೆರೆದು ನೋಡಿ: ಹಿಡಿಯ ಕಡೆ ಬಾಗಿಲು ಬಹಳ ದೂರ ಸರಿಯುತ್ತದೆ, ಕೀಲಿನ ಬಳಿ ಸ್ವಲ್ಪವೇ. ಇಲ್ಲೂ ಹಾಗೆಯೇ. ಚಕ್ರ ಹೆಚ್ಚು ಆಡಿದರೂ ಶಾಕ್ ಅಬ್ಸಾರ್ಬರ್ ಕಡಿಮೆ ಕುಗ್ಗಿದರೆ ಸಾಕು. ಯಮಹಾ ಕಂಪನಿ ಈ ವಿನ್ಯಾಸವನ್ನು ಕೊಂಡುಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಅಂಥ ಬೈಕಿನಲ್ಲೇ 250 ಸಿಸಿ ವಿಶ್ವ ಚಾಂಪಿಯನ್ ಆದರು.

ಇನ್ನೊಂದು ಸೊಗಸಾದ ಲೆಕ್ಕವಿದೆ. ಸವಾರ ಹತ್ತಿ ಕೂತಾಗ ಬೈಕಿನ ಹಿಂಭಾಗ ಸುಮಾರು 100 ಮಿಲಿಮೀಟರ್ ಕುಸಿಯಬೇಕು. ಮೆಕ್ಯಾನಿಕ್ ಇದನ್ನು ಅಳತೆ ಹಿಡಿದೇ ನೋಡುತ್ತಾನೆ. ಯಾಕೆ ಗೊತ್ತೇ? ಮೊದಲೇ ಸ್ವಲ್ಪ ಕುಸಿದಿದ್ದರೆ ಗುಂಡಿ ಬಂದಾಗ ಚಕ್ರ ಕೆಳಗೆ ಚಾಚಿ ನೆಲ ಹಿಡಿಯುತ್ತದೆ. ನೆಲ ಬಿಟ್ಟ ಚಕ್ರ ಬೈಕನ್ನು ಮುಂದೆ ತಳ್ಳಲಾರದು, ತಿರುಗಿಸಲೂ ಆರದು. ತೂಕದ ಸವಾರನಿಗೆ ಗಟ್ಟಿ ಸ್ಪ್ರಿಂಗ್, ಹಗುರ ಸವಾರನಿಗೆ ಮೆದು ಸ್ಪ್ರಿಂಗ್ ಹಾಕುವುದು ಇದಕ್ಕಾಗಿಯೇ.

ಸೀಟು ಮಾತ್ರ ಮೆತ್ತನೆಯ ಸೋಫಾದಂತಿಲ್ಲ. ಅದು ಉದ್ದ, ಸಪಾಟು, ಕಿರಿದು. ತಿರುವಿನಲ್ಲಿ ಸವಾರ ಟ್ಯಾಂಕಿನ ತನಕ ಮುಂದೆ ಜಾರುತ್ತಾನೆ. ಮುಂಚಕ್ರದ ಮೇಲೆ ಭಾರ ಬಿದ್ದು ಟೈರು ಮಣ್ಣನ್ನು ಕಚ್ಚುತ್ತದೆ. ಉಬ್ಬುತಗ್ಗಿನಲ್ಲಿ ಅವನು ಕಾಲಿಡುವ ಪೆಡಲುಗಳ ಮೇಲೆ ಎದ್ದು ನಿಲ್ಲುತ್ತಾನೆ, ಮೊಣಕಾಲು ಬಾಗಿಸಿ ಬೈಕನ್ನು ಒತ್ತಿ ಹಿಡಿಯುತ್ತಾನೆ. ಆಗ ಕಾಲುಗಳೂ ಏಟು ನುಂಗುತ್ತವೆ, ಕೈಗಳು ಸಡಿಲವಾಗಿರುತ್ತವೆ. ಬೈಕು ತುಂಬಾ ಕುಲುಕಿದರೆ ಸವಾರ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾನೆ, ಮುಂಗೈ ಬಿಗಿದು ನೋಯುತ್ತದೆ, ಬೆರಳು ಬ್ರೇಕ್ ಒತ್ತಲು ತಡವರಿಸುತ್ತದೆ.

ಅಂದಮೇಲೆ ಇಲ್ಲಿ ಹಾಯಾಗಿ ಸವಾರಿ ಮಾಡುವುದೂ ಹಿಡಿತದಲ್ಲಿ ಓಡಿಸುವುದೂ ಬೇರೆ ಬೇರೆ ಅಲ್ಲ. ಮೋಟೋಕ್ರಾಸ್ ವಿಡಿಯೋ ಸಿಕ್ಕರೆ ನಿಧಾನಗತಿಯಲ್ಲಿ ಹಾಕಿ ನೋಡಿ. ಮೊದಲು ಚಕ್ರವನ್ನು ಗಮನಿಸಿ, ಆಮೇಲೆ ಹೆಲ್ಮೆಟ್ಟನ್ನು. ಎರಡರಲ್ಲಿ ಯಾವುದು ಎಷ್ಟು ಆಡಿತೆಂದು ನೀವೇ ಲೆಕ್ಕ ಹಾಕಿ.