ವಿದ್ಯಾರ್ಥಿಯ ಸ್ವಂತ ಸಂಶೋಧನೆ

(ಸಂಘದ ವಾರ್ಷಿಕೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)



ಪ್ರೌಢಶಾಲೆಯ ಮೇಲಿನ ತರಗತಿಗಳ ಮಕ್ಕಳಿಂದ ಸ್ವತಂತ್ರ ಸಂಶೋಧನೆ ಮಾಡಿಸುವ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಸಂಶೋಧನೆಯೆಂದೊಡನೆ ವಿಶ್ವವಿದ್ಯಾನಿಲಯವೂ ಪ್ರಯೋಗಶಾಲೆಯೂ ಕಣ್ಣ ಮುಂದೆ ನಿಲ್ಲುವುದು ಸಹಜ. ಹದಿನಾರರ ಹರೆಯದ ಮಕ್ಕಳಿಗೆ ಅದೇಕೆ, ಪರೀಕ್ಷೆಗೆ ಓದಿದರೆ ಸಾಲದೆ ಎಂದು ಕೇಳುವ ತಂದೆತಾಯಂದಿರು ಈ ಸಭೆಯಲ್ಲಿಯೂ ಇದ್ದಾರೆ. ಅವರ ಕಳವಳವನ್ನು ನಾವು ಹಗುರವಾಗಿ ಕಾಣುವವರಲ್ಲ. ನಮ್ಮ ಅನುಭವವನ್ನು ಕೇಳಿದ ಬಳಿಕ ತೀರ್ಪು ಕೊಡಬೇಕೆಂದಷ್ಟೆ ವಿನಂತಿ.

ಈ ಯೋಚನೆ ಹೊಸತೇನೂ ಅಲ್ಲ. 1993ರಲ್ಲಿ ದೇಶದಾದ್ಯಂತ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶವು, ಸ್ಥಳೀಯ ವಿಷಯವೊಂದನ್ನು ಮಕ್ಕಳೇ ಕೈಗೊಂಡು ಪರಿಶೋಧಿಸುವ ದಾರಿಯನ್ನು ತೋರಿಸಿತು. ಅದಕ್ಕೂ ಬಹಳ ಹಿಂದೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳು (1883–1963) ತಾವೇ ಆ ದಾರಿಯಲ್ಲಿ ನಡೆದಿದ್ದರು. ಬಿ.ಎ. ಓದನ್ನು ಪೂರ್ಣಗೊಳಿಸದೆ ಊರಿಗೆ ಮರಳಿದ ಅವರು ಮನೆಯ ಪುಸ್ತಕಗಳ ನಡುವೆ ಕುಳಿತು, ಹಲವು ಭಾಷೆಗಳನ್ನು ಕಲಿತು, ಇತಿಹಾಸದ ಕಾಲನಿರ್ಣಯಗಳನ್ನು ಕುರಿತು ಬರೆದರು. 1949ರಲ್ಲಿ ರಾಷ್ಟ್ರಕವಿಯೆಂದು ಗೌರವ ಪಡೆದ ಆ ಕವಿಗೆ ಸಂಶೋಧನೆಯೂ ಕಾವ್ಯದಷ್ಟೇ ಪ್ರಿಯವಾಗಿತ್ತು.

ಕೆಲವು ವರ್ಷಗಳ ಹಿಂದೆ ನಾವು ವಿಷಯದ ಆಯ್ಕೆಯನ್ನು ಮಕ್ಕಳಿಗೇ ಬಿಟ್ಟೆವು. ಮೊದಲು ಬಂದ ಬರಹಗಳೆಲ್ಲ ಅಂತರಜಾಲದಿಂದ ಇಳಿಸಿಕೊಂಡವು. ಬೇಕಲದ ಕೋಟೆಯನ್ನು ಕುರಿತು ಐವರು ಬರೆದ ಐದು ಪ್ರಬಂಧಗಳಲ್ಲಿ ತಪ್ಪುಗಳು ಕೂಡ ಒಂದೇ ಆಗಿದ್ದವು. ಅವನ್ನು ಹಿಂದಿರುಗಿಸಿ, "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದೆವು. "ಸುರಂಗದಿಂದ" ಎಂದಳು ಒಬ್ಬ ಹುಡುಗಿ. ಅದು ಎಷ್ಟು ಉದ್ದ, ತೋಡಿದವರು ಯಾರು, ನೀರು ಇಳಿಯುವುದು ಯಾವ ತಿಂಗಳಲ್ಲಿ ಎಂದರೆ ಉತ್ತರವಿಲ್ಲ! ನಾಲ್ವರು ಮಕ್ಕಳ ಕೆಲಸ ಅಲ್ಲಿಂದ ಆರಂಭವಾಯಿತು.

ಸುರಂಗ ನಮಗೆಲ್ಲ ಪರಿಚಿತವೇ. ಮುರಕಲ್ಲಿನ ಗುಡ್ಡದ ಒಡಲಿಗೆ ಅಡ್ಡಲಾಗಿ, ಒಬ್ಬ ಆಳು ಪಿಕ್ಕಾಸು ಬೀಸುವಷ್ಟೇ ಅಗಲಕ್ಕೆ ಕೊರೆದ ದಾರಿ ಅದು. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಅದರೊಳಗೆ ಒಸರಿ, ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿಯುತ್ತದೆ. ನಮ್ಮ ಸೀಮೆಯ ಎಷ್ಟೋ ಅಡಕೆ ತೋಟಗಳು ಬದುಕಿದ್ದು ಇದರಿಂದಲೇ.

ಉಸಿರು ಕಟ್ಟುವ, ಮಣ್ಣು ಕುಸಿಯುವ ಭಯವಿರುವುದರಿಂದ ಮಕ್ಕಳು ಒಳಗೆ ಕಾಲಿಡಕೂಡದೆಂದು ಮೊದಲೇ ಕಟ್ಟಪ್ಪಣೆ ಮಾಡಿದ್ದೆವು. ಸುರಂಗ ತೋಡಿ ಪಳಗಿದ ಹಿರಿಯರೊಬ್ಬರು ಹಗ್ಗದ ತುದಿ ಹಿಡಿದು ಒಳನಡೆದರು. ಮಕ್ಕಳು ಹೊರಗೆ ನಿಂತು ಅಳೆದರು. ಅಜ್ಜ ನೂರು ಕೋಲು ಎನ್ನುತ್ತಿದ್ದ ಸುರಂಗ ಅರುವತ್ತರ ಹತ್ತಿರ ನಿಂತಿತು. "ಅಜ್ಜ ಹೇಳಿದ್ದು ಸುಳ್ಳೆಂದು ಬರೆಯಬೇಕೇ ಮಾಸ್ಟ್ರೇ?" ಎಂದು ಹುಡುಗಿ ಅಳುಮುಖ ಮಾಡಿದಳು. ಅಜ್ಜನ ಮಾತನ್ನೂ ಹಗ್ಗದ ಅಳತೆಯನ್ನೂ ಜೊತೆಜೊತೆಯಾಗಿ ಬರೆ ಎಂದೆವು. ಮರುದಿನ ಅಜ್ಜನೇ, ಹಿಂದೆ ಒಳಗಿನ ಕವಲೊಂದು ಕುಸಿದು ಮುಚ್ಚಿಹೋದುದನ್ನು ನೆನಪಿಸಿಕೊಂಡರು. ಒಂದನ್ನು ಅಳಿಸಿದ್ದರೆ ಆ ಕವಲಿನ ಸುದ್ದಿ ಯಾರಿಗೆ ಸಿಗುತ್ತಿತ್ತು?

ಡಿಸೆಂಬರಿನಿಂದ ಮೇ ತಿಂಗಳವರೆಗೆ ಪ್ರತಿ ಭಾನುವಾರ, ಕೊಡವೊಂದು ತುಂಬಲು ಹಿಡಿದ ಹೊತ್ತನ್ನು ಗಡಿಯಾರ ನೋಡಿ ಬರೆದಿಟ್ಟರು. ಬೇಸಗೆ ಏರಿದಂತೆ ನೀರು ಎಳೆಯಾಯಿತು. ಆಗ ನಾವೇ ಒಂದು ತಪ್ಪು ಮಾಡಿದೆವು. ಸಮೀಪದ ಕೊಳವೆಬಾವಿಗಳಿಂದಲೇ ಹೀಗಾಯಿತೆಂದು ವರದಿಯ ಕೊನೆಗೆ ಬರೆಯಿರಿ ಎಂದೆವು. "ನಾವು ಅಳೆದದ್ದು ಒಂದೇ ಬೇಸಗೆ. ಹಿಂದಿನ ವರ್ಷಗಳ ಲೆಕ್ಕ ನಮ್ಮಲ್ಲಿಲ್ಲವಲ್ಲ ಮಾಸ್ಟ್ರೇ" ಎಂದಳು ಅದೇ ಹುಡುಗಿ. ಇಪ್ಪತ್ತು ವರ್ಷ ಪಾಠ ಹೇಳಿದ ನಾವು ತಲೆ ತಗ್ಗಿಸಿದೆವು. ಆ ತಗ್ಗಿದ ತಲೆಯಲ್ಲಿ ಒಂದು ಹೆಮ್ಮೆಯೂ ಇತ್ತೆಂಬುದನ್ನು ಮುಚ್ಚಿಡಲಾರೆವು. 'ಕಾರಣ ಇನ್ನೂ ತಿಳಿಯಬೇಕಾಗಿದೆ' ಎಂಬ ವಾಕ್ಯದೊಡನೆ ವರದಿ ಮುಗಿಯಿತು. ಸ್ವತಂತ್ರ ಸಂಶೋಧನೆಯೆಂದರೆ ಇದೇ. ಗುರು ಹೇಳಿದನೆಂದು ಬರೆಯದಿರುವುದು, ಕಂಡಷ್ಟನ್ನೇ ಬರೆಯುವುದು.

ಇನ್ನೊಂದು ಮಾತು. ಸುರಂಗ ತೋಡಿದ ಹಿರಿಯರು ಮಾತಾಡಿದ್ದು ತುಳುವಿನಲ್ಲಿ. ಮಕ್ಕಳಲ್ಲೊಬ್ಬನ ಮನೆಮಾತು ಮಲೆಯಾಳ. ಎಲ್ಲವನ್ನೂ ಬರೆದದ್ದು ಕನ್ನಡದಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಮಕ್ಕಳು ಕನ್ನಡದಲ್ಲಿ ಕಲಿಯುವ ಹಕ್ಕಿಗಾಗಿ ನಮ್ಮ ಹಿರಿಯರು ಶ್ರಮಿಸಿದರು. ಹಕ್ಕು ಉಳಿದು, ಆ ಭಾಷೆಯಲ್ಲಿ ಹೊಸತೊಂದನ್ನು ಕಂಡು ಬರೆಯುವವರು ಇಲ್ಲದೆಹೋದರೆ ಕನ್ನಡವು ಬರಿಯ ಬಾಯಿಪಾಠದ ಭಾಷೆಯಾದೀತು. ಸುರಂಗ ತೋಡಬಲ್ಲ ಕೈಗಳು ವರ್ಷ ವರ್ಷಕ್ಕೂ ವಿರಳವಾಗುತ್ತಿವೆ. ಅವರೊಡನೆ ಅವರ ಮಾತುಗಳೂ ಹೋಗುವ ಮುನ್ನ ಬರೆದಿಡಬೇಕಾದವರು ಈ ಮಕ್ಕಳೇ.

ತಂದೆತಾಯಂದಿರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ. ಮಕ್ಕಳು ಕೇಳಿದಾಗ ಬೇಸರಿಸದೆ ಉತ್ತರ ಕೊಡಿರಿ. ಹಳೆಯ ಕಾಗದಪತ್ರಗಳ ಪೆಟ್ಟಿಗೆಯನ್ನು ತೆರೆದು ತೋರಿಸಿರಿ. ಆದರೆ ವರದಿಯನ್ನು ಮಾತ್ರ ನೀವು ಬರೆದುಕೊಡಬೇಡಿರಿ. ವಾರದಲ್ಲಿ ಒಂದು ಭಾನುವಾರದ ಬೆಳಗು ಇದಕ್ಕೆ ಸಂದರೆ ಪರೀಕ್ಷೆಯ ಓದಿಗೆ ಕುಂದು ಬಾರದು.