ವೃದ್ಧಾಪ್ಯದಲ್ಲಿ ಬಲಸಾಧನೆಯೂ ರಕ್ತದ ಒತ್ತಡವೂ
(ಉಪನ್ಯಾಸ)



ಅರುವತ್ತು ದಾಟಿದವನಿಗೆ ರಕ್ತದ ಒತ್ತಡವು ಹೆಚ್ಚಿರುವುದೆಂದು ವೈದ್ಯನು ತಿಳಿಸಿದ ದಿವಸದಿಂದಲೇ ಮನೆಯವರು ಅವನ ಕೈಯೊಳಗಿನ ನೀರಿನ ಕೊಡವನ್ನು ಕಸಿದುಕೊಳ್ಳುವರು. “ಅಜ್ಜಾ, ಭಾರ ಎತ್ತಬ್ಯಾಡ, ಸುಮ್ಮನ ಕೂಡು” ಎಂಬುದೇ ಮೊಮ್ಮಕ್ಕಳ ಬುದ್ಧಿವಾದ. ಪ್ರೀತಿಯಿಂದ ಹೊರಟ ಈ ಮಾತಿನಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಈ ಭೀತಿಯು ನಿರಾಧಾರವಾದುದಲ್ಲ. 1985ರಲ್ಲಿ ಕೆನಡಾ ದೇಶದ ಸಂಶೋಧಕರು ನುರಿತ ದೇಹದಾರ್ಢ್ಯಪಟುಗಳ ತೋಳಿನ ಧಮನಿಯೊಳಗೆ ಸೂಕ್ಷ್ಮನಳಿಕೆಯನ್ನಿರಿಸಿ ಪರೀಕ್ಷಿಸಿದರು. ಎರಡು ಕಾಲುಗಳಿಂದಲೂ ಮಹಾಭಾರವನ್ನು ಒತ್ತುವಾಗ ಅವರ ರಕ್ತದ ಒತ್ತಡವು ಸರಾಸರಿ 320/250ರವರೆಗೆ ಏರಿತ್ತು. ಉಸಿರನ್ನು ಬಿಗಿಹಿಡಿಯುವುದು ಈ ಏರಿಕೆಗೆ ಒಂದು ಮುಖ್ಯ ಕಾರಣ. ಗರಡಿಯ ಮಲ್ಲನು ಹಲ್ಲುಕಚ್ಚಿ ಗುಂಡನ್ನೆತ್ತುವುದು ನೋಡುವವರಿಗೆ ಸೊಗಸೇ ಸರಿ. ಆದರೆ ವಯಸ್ಸಿನಿಂದ ಧಮನಿಗಳು ಪೆಡಸಾದ ಮುದುಕನು ಅದನ್ನು ಅನುಕರಿಸತಕ್ಕದ್ದಲ್ಲ.

ಆದರೂ ಆ ಏರಿಕೆಯು ಕ್ಷಣಿಕವಾದುದು. ಭಾರವನ್ನಿಳಿಸಿದೊಡನೆ ಒತ್ತಡವು ಇಳಿಯುವುದು. ಹಗುರಾದ ಭಾರದಿಂದ ವಾರಗಟ್ಟಲೆ ಕ್ರಮವಾಗಿ ಸಾಧನೆ ಮಾಡಿದವರಲ್ಲಿ ವಿಶ್ರಾಂತಿಕಾಲದ ಒತ್ತಡವೇ ಸ್ವಲ್ಪ ತಗ್ಗುವುದು. 2023ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು 270 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಭಾರವೆತ್ತಿ ಇಳಿಸುವ ಸಾಧನೆಯಿಂದ ಮೇಲಿನ ಅಂಕೆಯು ಸರಾಸರಿ 4.55, ಕೆಳಗಿನದು 3.04 ಮಿಲ್ಲಿಮೀಟರಿನಷ್ಟು ಇಳಿದಿತ್ತು. ನಡಿಗೆ ಮೊದಲಾದವುಗಳ ಫಲವೂ ಹೆಚ್ಚುಕಡಿಮೆ ಅಷ್ಟೇ. ಗೋಡೆಗೆ ಬೆನ್ನುಕೊಟ್ಟು ಅರ್ಧ ಕುಳಿತ ಭಂಗಿಯಲ್ಲಿ ನಿಲ್ಲುವಂಥ ಅಲುಗಾಡದ ಬಿಗಿತದಿಂದ 8.24 ಇಳಿದಿತ್ತು. ಆ ಪ್ರಯೋಗಗಳಲ್ಲಿದ್ದವರೆಲ್ಲರೂ ವೃದ್ಧರಲ್ಲ, ರೋಗಿಗಳೂ ಅಲ್ಲ. ಇಷ್ಟು ಅಲ್ಪ ಇಳಿಕೆಯನ್ನು ನೆಚ್ಚಿ ಔಷಧವನ್ನು ಬಿಡುವುದು ಶುದ್ಧ ಅವಿವೇಕ.

ಹಾಗಾದರೆ ಇಷ್ಟರ ಶ್ರಮವೇಕೆ? ಒತ್ತಡವೊಂದೇ ಇಲ್ಲಿಯ ಪ್ರಶ್ನೆಯಲ್ಲ. ಸುಮ್ಮನೆ ಕುಳಿತವನ ಮಾಂಸಖಂಡಗಳು ವರ್ಷವರ್ಷಕ್ಕೂ ಕರಗುವುವು. ಪ್ರಸಾದಕ್ಕೆ ಪಂಕ್ತಿಯಲ್ಲಿ ಕುಳಿತವನು ಮೇಲೇಳಲು ಇನ್ನೊಬ್ಬರ ಹೆಗಲನ್ನು ಹುಡುಕುವನು. ಒಂದು ದಿನ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವನು. ಭಾರವೆತ್ತದಂತೆ ಕಾಪಾಡಿದ ಮನೆಯವರು ಆ ಮೇಲೆ ಅವನನ್ನೇ ಎತ್ತಬೇಕಾಗುವುದು! ಕಳೆದ ಬಲವು ಮರಳಿ ಬಾರದೆಂಬುದೂ ತಪ್ಪು. 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ, ವೃದ್ಧಾಶ್ರಮವಾಸಿಗಳಾದ ಹತ್ತು ಮಂದಿ ದುರ್ಬಲರಿಗೆ ಕಾಲಿನ ಬಲಸಾಧನೆಯನ್ನು ಕಲಿಸಿದ ವೃತ್ತಾಂತವು ಪ್ರಕಟವಾಯಿತು. ಎಂಟು ವಾರಗಳನ್ನು ಪೂರೈಸಿದವರ ಬಲವು ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತ್ತು.

ಆರಂಭಕ್ಕೆ ದೊಡ್ಡ ಸಾಧನಗಳೇನೂ ಬೇಡ. ಕೈಯೂರದೆ ಕುರ್ಚಿಯಿಂದ ಎದ್ದು ಕೂಡುವುದು, ಗೋಡೆಗೆ ಅಂಗೈಯಿಟ್ಟು ದಂಡ ಹೊಡೆಯುವಂತೆ ಬಾಗಿ ತಳ್ಳುವುದು, ನೀರು ತುಂಬಿದ ಒಂದು ಲೀಟರಿನ ಸೀಸೆಯನ್ನು ಎತ್ತಿ ಇಳಿಸುವುದು—ಇವೇ ಸಾಕು. ಹತ್ತು ಸಲ ಮಾಡಿದ ಮೇಲೆಯೂ ಇನ್ನೆರಡು ಮೂರು ಸಲ ಮಾಡುವ ಶಕ್ತಿ ಉಳಿದಿರಬೇಕು. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು. ಎತ್ತುವಾಗ ಉಸಿರನ್ನು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಗಟ್ಟಿಯಾಗಿ ಎಣಿಸುತ್ತ ಮಾಡುವವನಿಗೆ ಉಸಿರು ಕಟ್ಟುವ ಸಂಭವವೇ ಇರದು. ಎಲ್ಲ ಉಪಾಯಗಳಲ್ಲಿಯೂ ಇದೇ ಸುಲಭವಾದುದು.

ವಿಶ್ರಾಂತಿಯಲ್ಲಿಯೂ ಒತ್ತಡವು 180/110ನ್ನು ಮೀರಿದ್ದರೆ ಸಾಧನೆಯನ್ನು ಮುಂದೂಡಿ ಮೊದಲು ವೈದ್ಯನನ್ನು ಕಾಣತಕ್ಕದ್ದು. ಹೃದಯದ ಕವಾಟದ ರೋಗ ಅಥವಾ ಮಹಾಧಮನಿಯ ಉಬ್ಬು ಇರುವವರು ಅವನ ಅಪ್ಪಣೆಯಿಲ್ಲದೆ ತೊಡಗಬಾರದು. ಎದೆನೋವು, ತಲೆಸುತ್ತು, ಅತಿಯಾದ ಏದುಸಿರು ತೋರಿದರೆ ಕೂಡಲೆ ನಿಲ್ಲಿಸತಕ್ಕದ್ದು. ಸಾಧನೆಯ ತರುವಾಯ ಕೆಲಹೊತ್ತು ಒತ್ತಡವು ಮಾಮೂಲಿಗಿಂತ ಕೆಳಗಿಳಿಯಬಹುದಾದುದರಿಂದ ಗುಳಿಗೆ ಸೇವಿಸುವವರು ಥಟ್ಟನೆ ಏಳಬಾರದು.

ಒತ್ತಡವನ್ನು ಅಳೆಯುವುದು ಸಾಧನೆಗೆ ಮುಂಚೆ, ಐದು ನಿಮಿಷ ಸುಮ್ಮನೆ ಕುಳಿತ ನಂತರ. ಆ ಅಂಕೆಗಳನ್ನು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯನ ಮುಂದಿರಿಸಿದರೆ, ಗುಳಿಗೆಯನ್ನು ಮುಂದುವರಿಸಬೇಕೋ ತಗ್ಗಿಸಬೇಕೋ ಎಂಬುದನ್ನು ಅವನು ನಿರ್ಣಯಿಸುವನು.